ಹೊನ್ನಾಳಿಯಲ್ಲಿ ಬಿದ್ದ ಬಸಣ್ಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಚನ್ನಗಿರಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಈ ಮೇಡಂ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದು ನಮ್ಮ ಹೆಡ್ ಮಾಸ್ಟರು ಬಂದವರೆದುರಿಗೆಲ್ಲ ಹೊಗಳುತ್ತಾರೆ. ನಾನೂ ಬಹಳ ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದು ಬೀಗಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಯಾರೋ ಪುಣ್ಯಾತ್ಮರು ಮೂರು ಡಬ್ಬ ಕಳಿಸಿದರು. ಒಳಗೆ ಪ್ಲಾಸ್ಟಿಕ್ ಪಟ್ಟಿಗಳು, ಚಕ್ರಗಳು, ಮೋಟಾರು, ವೈರು, ಒಂದು ಪುಟ್ಟ ಪೆಟ್ಟಿಗೆಯಂಥ ಮೆದುಳು. ಇವನ್ನು ಜೋಡಿಸಿ ಮಕ್ಕಳೇ ಒಂದು ರೋಬೋಟ್ ಮಾಡಬೇಕು, ಚಳಿಗಾಲದಲ್ಲಿ ದಾವಣಗೆರೆಯಲ್ಲಿ ಪಂದ್ಯ. ಟೇಬಲ್ ಮೇಲೆ ಹಾಸಿದ ಬಿಳಿ ಹಾಳೆಯಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ರೋಬೋಟ್ ಆ ಗೆರೆ ಹಿಡಿದು ತಾನಾಗಿ ಹೋಗಬೇಕು, ದಾರಿಯಲ್ಲಿರುವ ಮರದ ತುಂಡುಗಳನ್ನು ಎಳೆದು ತಂದು ಮೂಲೆಯ ಚೌಕಕ್ಕೆ ಸೇರಿಸಬೇಕು. ಅದಕ್ಕೂ ಮುಂಚೆ ಎರಡು ಅಭ್ಯಾಸದ ಪಂದ್ಯ. ಮೊದಲನೆಯದು ಹೊನ್ನಾಳಿಯಲ್ಲಿ, ಅದಾದ ಹದಿನೈದು ದಿನಕ್ಕೆ ಜಗಳೂರಿನಲ್ಲಿ.

ನಾಲ್ಕು ಮಕ್ಕಳ ತಂಡ ಕಟ್ಟಿದೆ. ಒಬ್ಬ ಮಾತಿನ ಮಲ್ಲ, ಸ್ಕ್ರೂ ಡ್ರೈವರ್ ಕೈಗೆ ಸಿಕ್ಕರೆ ಊಟ ಮರೆಯುವವನು. ತುಂಡು ಜೋಡಿಸಲು, ಗಡಿಯಾರ ನೋಡಲು ಇಬ್ಬರು ಹುಡುಗಿಯರು. ನಾಲ್ಕನೆಯವಳು ಉಬ್ರಾಣಿಯಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ಕ್ಲಾಸಿನ ಹುಡುಗಿ. ಹಾಜರಿ ಕರೆದರೆ ಅವಳ 'ಎಸ್ ಮೇಡಂ' ತುಟಿಯಿಂದಾಚೆ ಬರುತ್ತಿರಲಿಲ್ಲ. ಆದರೆ ಲ್ಯಾಪ್‌ಟಾಪ್ ಮುಂದೆ ಕೂತಳೆಂದರೆ ಬೇರೆಯೇ ಹುಡುಗಿ. ರೋಬೋಟಿಗೆ ಹೇಗೆ ನಡೆಯಬೇಕು, ಎಲ್ಲಿ ತಿರುಗಬೇಕು ಎಂದು ಹೇಳಿಕೊಡುವ ಪ್ರೋಗ್ರಾಂ ಪೂರ್ತಿ ಅವಳೇ ಬರೆದಳು. ಅದು ತುಂಡು ಎಳೆಯುವಾಗ ಕೋಲೆ ಬಸವನ ಹಾಗೆ ತಲೆಯಾಡಿಸುವುದನ್ನು ನೋಡಿ ಬಸಣ್ಣ ಎಂದು ಹೆಸರಿಟ್ಟವಳೂ ಅವಳೇ.

ಪಂದ್ಯದಲ್ಲಿ ಟೇಬಲ್ ಹತ್ತಿರ ನಿಲ್ಲಲು ಇಬ್ಬರಿಗೆ ಮಾತ್ರ ಅವಕಾಶ. ಬಸಣ್ಣನನ್ನು ಗೆರೆಯ ಮೇಲಿಟ್ಟು ಗುಂಡಿ ಒತ್ತುವ ಆ ಜಾಗ ತನಗೆ ಬೇಕು ಎಂದು ಅವಳು ಬಾಯಿಬಿಟ್ಟು ಕೇಳಿದಳು. ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅಪ್ಪನಿಗೆ ಇಷ್ಟವಿರಲಿಲ್ಲ, ಹೆಣ್ಣುಮಗಳು ಊರೂರು ತಿರುಗುವುದೇನು ಎಂದರಂತೆ. ಅಜ್ಜಿ ಅಡ್ಡ ಬಂದರಂತೆ: "ನಾನು ಅಡಿಕೆ ಸುಲಿಯಾಕೆ ಊರೂರು ತಿರುಗಿಲ್ಲೇನೋ? ಇವಳು ಬಸಣ್ಣನ್ನ ಹಿಡ್ಕೊಂಡು ಹೊನ್ನಾಳಿಗೆ ಹೋದ್ರೆ ನಿನ್ನ ಗಂಟೇನು ಹೋಗ್ತೈತೆ?" ಅಪ್ಪ ಸುಮ್ಮನಾದರಂತೆ. ಇದನ್ನೆಲ್ಲ ಹೇಳಿದ್ದು ಮಾತಿನ ಮಲ್ಲ. ಅವಳು ಪಕ್ಕದಲ್ಲಿ ನಿಂತು ನೆಲ ನೋಡುತ್ತ ನಗುತ್ತಿದ್ದಳು.

ಬಸಣ್ಣನಿಗೆ ಒಂದೇ ಕಣ್ಣು, ಅದೂ ಹೊಟ್ಟೆಯ ಕೆಳಗೆ. ಕಡಲೆಕಾಳಿನಷ್ಟು ಗಾಜು. ಅದರಿಂದ ಬೆಳಕು ನೆಲಕ್ಕೆ ಬಿದ್ದು ವಾಪಸು ಬರುತ್ತದೆ. ಬಿಳಿ ನೆಲವಾದರೆ ಹೆಚ್ಚು ಬರುತ್ತದೆ, ಕಪ್ಪು ಗೆರೆಯಾದರೆ ಕಡಿಮೆ. ಅಷ್ಟರಲ್ಲೇ ಅವನಿಗೆ ದಾರಿ ತಿಳಿಯಬೇಕು. ಹೊನ್ನಾಳಿಗೆ ಹೋಗುವ ಹಿಂದಿನ ದಿನ ಶಾಲೆಯ ವರಾಂಡದಲ್ಲಿ ಬಸಣ್ಣ ಐದು ಸಲ ತಪ್ಪಿಲ್ಲದೆ ಸುತ್ತಿದ. ಕೊನೆಯದಾಗಿ ಒಮ್ಮೆ ನೋಡುತ್ತೇನೆಂದು ಹುಡುಗಿ ಅವನನ್ನು ಮನೆಗೆ ಒಯ್ದಳು. ಬೆಳಿಗ್ಗೆ ಬಟ್ಟೆಯ ಚೀಲದಲ್ಲಿ ತೊಟ್ಟಿಲ ಕೂಸಿನಂತೆ ಹೊತ್ತು ಬಸ್ ನಿಲ್ದಾಣಕ್ಕೆ ಬಂದಳು.

ಹೊನ್ನಾಳಿಯಲ್ಲಿ ಅಭ್ಯಾಸ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಸೇವಂತಿಗೆ ಎಸಳು ಇನ್ನೂ ನೆಲದ ಮೇಲಿತ್ತು. ಎಂಟು ಶಾಲೆಯವರು ಬಂದಿದ್ದರು. ಎಲ್ಲ ಮೇಷ್ಟ್ರುಗಳೂ ತಮ್ಮ ತಮ್ಮ ರೋಬೋಟನ್ನೇ ನೋಡಿ ಹಿಗ್ಗುತ್ತಿದ್ದರು, ಹೆತ್ತವರಿಗೆ ಹೆಗ್ಗಣ ಮುದ್ದು. ಎಲ್ಲವನ್ನೂ ನಡೆಸಲು ಬಂದಿದ್ದವಳು ಇಂಜಿನಿಯರಿಂಗ್ ಓದುವ ಒಬ್ಬ ತರುಣಿ. ಅವಳು ಮೈಕಿನಲ್ಲಿ ಹೇಳಿದ್ದು ಎರಡೇ ಮಾತು. ಟೇಬಲ್ ಹತ್ತಿರ ಮಕ್ಕಳನ್ನು ಬಿಟ್ಟು ಯಾರೂ ರೋಬೋಟ್ ಮುಟ್ಟಬಾರದು. ಇಲ್ಲಿ ಏನಾದರೂ ಮುರಿದರೆ ಬೇಜಾರು ಬೇಡ, ಮುರಿಯಲಿ ಎಂದೇ ಕರೆದಿದ್ದೇವೆ, ಯಾಕೆ ಮುರಿಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಚೆನ್ನಾಗಿ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಸರದಿ ಬಂತು. ಹುಡುಗಿ ಗುಂಡಿ ಒತ್ತಿದಳು. ಬಸಣ್ಣ ಗೆರೆಯ ಮೇಲೆ ನೆಟ್ಟಗೆ ಹೊರಟ. ಮೊದಲ ತಿರುವು ಬಂತು, ಅವನು ತಿರುಗಲಿಲ್ಲ. ಗೆರೆ ಎಡಕ್ಕೆ ಹೋಯಿತು, ಬಸಣ್ಣ ಯಾರ ಹಂಗೂ ಇಲ್ಲದವನಂತೆ ನೇರ ಹೋಗಿ ಟೇಬಲ್ಲಿನ ಅಂಚು ದಾಟಿ ದಡ್ಡನೆ ನೆಲಕ್ಕೆ ಬಿದ್ದ. ತುಂಡು ಎಳೆಯುವ ಕೈ ಮುರಿದು ಅಷ್ಟು ದೂರ ಹೋಯಿತು. ಮಂಟಪವೆಲ್ಲ ಗೊಳ್ಳೆಂದು ನಕ್ಕಿತು.

"ಮೇಡಂ, ಅವರ ಹಾಳೇನೇ ಸೊಟ್ಟ ಐತೆ" ಎಂದ ಮಾತಿನ ಮಲ್ಲ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ಮುಚ್ಚೋ ಬಾಯಿ" ಎಂದೆ. ಅವನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದೆ. ಅವಳು ಬಸಣ್ಣನನ್ನು ಎತ್ತಿಕೊಂಡು ಅವನ ಹೊಟ್ಟೆಯನ್ನೇ ನೋಡುತ್ತಿದ್ದಳು. ಏನೋ ಹೇಳಲು ತುಟಿ ತೆರೆದಳು. ಅಷ್ಟರಲ್ಲಿ ನಾನು ಶುರು ಮಾಡಿಬಿಟ್ಟಿದ್ದೆ. "ಮೂರು ವಾರ ಏನು ಕಡಿದು ಕಟ್ಟೆ ಹಾಕ್ದೆ? ತಿರುವು ಬಂದ್ರೆ ತಿರುಗಬೇಕು ಅಂತ ಬರಿಯಾಕೆ ಆಗಲ್ವೇನು? ಬರಲ್ಲ ಅಂದ್ರೆ ಬರಲ್ಲ ಅಂತ ಮೊದ್ಲೇ ಹೇಳಬೇಕಿತ್ತು. ಬಾಯಿ ಇಲ್ಲೇನು ನಿನಗೆ?" ಎಂಟು ಶಾಲೆಯ ಮಕ್ಕಳೂ ಮೇಷ್ಟ್ರುಗಳೂ ಕೇಳುವ ಹಾಗೆ ಹೇಳಿದೆ. ನನ್ನ ದನಿ ಸಣ್ಣದಲ್ಲ.

ಅವಳು ತುಟಿ ಮುಚ್ಚಿಕೊಂಡಳು. ಬಸಣ್ಣನನ್ನು ನನ್ನ ಕೈಗೆ ಕೊಟ್ಟು ಹಿಂದೆ ಹೋಗಿ ನಿಂತಳು.

ಮಧ್ಯಾಹ್ನ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿರುವಾಗ ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವಳ ಪ್ರೋಗ್ರಾಂ ತೆಗೆದು ಬದಿಗಿಟ್ಟು ನನ್ನದೇ ಹೊಸದು ಬರೆದೆ. ಮುರಿದ ಕೈಯನ್ನು ಮಾತಿನ ಮಲ್ಲ ಮತ್ತೆ ಜೋಡಿಸಿದ. ಬಿದ್ದು ಧೂಳಾಗಿದ್ದ ಬಸಣ್ಣನನ್ನು ಸೆರಗಿನಿಂದ ಮೇಲೆ ಕೆಳಗೆ ಚೆನ್ನಾಗಿ ಒರೆಸಿದೆ. ಸೆರಗಿಗೆ ಬೆಳ್ಳಗೆ ಏನೋ ಹತ್ತಿತು. ಮಂಟಪದ ಸುಣ್ಣ ಇರಬೇಕು ಅಂದುಕೊಂಡೆ. ನ್ಯಾಮತಿಯ ಮೇಷ್ಟ್ರೊಬ್ಬರು ಬಂದು ಬಗ್ಗಿ ನೋಡಿ, "ಏನ್ ಮೇಡಂ, ಪಂದ್ಯ ಆಡಾಕೆ ನೀವು ಬಂದೀರೋ, ಮಕ್ಕಳು ಬಂದಾರೋ?" ಎಂದು ತಮಾಷೆ ಮಾಡಿದರು. "ನಿಮ್ಮ ರೋಬೋಟ್ ನೀವು ನೋಡ್ಕೊಳ್ರಿ ಸಾರ್" ಎಂದು ಬಾಯಿ ಮುಚ್ಚಿಸಿದೆ.

ಎರಡನೇ ಸುತ್ತಿನಲ್ಲಿ ಬಸಣ್ಣ ಕುಡಿದವನ ಹಾಗೆ ವಾಲಾಡುತ್ತ ಹೋದರೂ ಗೆರೆ ಬಿಡಲಿಲ್ಲ. ಪೂರ್ತಿ ಸುತ್ತಿ ಬಂದ. ನನ್ನ ಹೆಮ್ಮೆ ಕೇಳಬೇಡಿ. "ನೋಡಿದ್ರಾ? ಪ್ರೋಗ್ರಾಂ ಸರಿ ಇದ್ರೆ ಬಸಣ್ಣ ಯಾಕೆ ಬೀಳ್ತಾನೆ?" ಎಂದೆ. ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: 'ಹೊನ್ನಾಳಿ. ಪ್ರೋಗ್ರಾಂ ತಪ್ಪು. ಸರಿಪಡಿಸಲಾಯಿತು.' ಇನ್ನು ಮುಂದೆ ಟೇಬಲ್ ಹತ್ತಿರ ಮಾತಿನ ಮಲ್ಲ ನಿಲ್ಲಲಿ, ಆ ಹುಡುಗಿ ಗಡಿಯಾರ ನೋಡಲಿ ಎಂದು ಅಲ್ಲೇ ತೀರ್ಪು ಕೊಟ್ಟೆ. ವಾಪಸು ಬರುವಾಗ ಅವಳು ಬಸ್ಸಿನ ಕಿಟಕಿ ಬಿಟ್ಟು ಈಚೆ ನೋಡಲಿಲ್ಲ.

ಸೋಮವಾರ ಸಂಜೆ ಅಭ್ಯಾಸಕ್ಕೆ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಕ್ಲಾಸಿಗೆ ಬರುತ್ತಾಳೆ, ನಾಲ್ಕೂವರೆ ಬಸ್ಸಿಗೆ ಹೊರಡುತ್ತಾಳೆ. ಬಸಣ್ಣನ ಚಾರ್ಜರ್ ಅವಳ ಮನೆಯಲ್ಲೇ ಉಳಿದಿತ್ತು. ಬುಧವಾರಕ್ಕೆ ಬಸಣ್ಣ ಅಲುಗಾಡದಾದ. ಅವಳನ್ನು ಕರೆದು ಚಾರ್ಜರ್ ತಾ ಎಂದರೆ ಮುಗಿಯುತ್ತಿತ್ತು. ಯಾಕೋ ಗುರುವಾರ ನಾನೇ ಉಬ್ರಾಣಿ ಬಸ್ಸು ಹತ್ತಿದೆ.

ಅಜ್ಜಿ ಜಗುಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ನಾನು ಯಾರೆಂದು ಹೇಳಿದ್ದೇ ತಡ, ಮೊರ ಪಕ್ಕಕ್ಕಿಟ್ಟು ಎದ್ದುಬಿಟ್ಟರು. "ಅಯ್ಯೋ ನಮ್ಮವ್ವ, ಬರ್ರಿ ಮೇಡಮ್ಮೋರೆ, ಒಳಗೆ ಬರ್ರಿ. ಏ ಪುಟ್ಟಿ, ಚಾ ಇಡೇ. ನಮ್ಮ ಬಸಣ್ಣ ಹೆಂಗೈದಾನ್ರಿ?"

"ಚೆನ್ನಾಗಿದ್ದಾನೆ ಅಜ್ಜಿ."

"ಇರ್ಲೇಬೇಕು. ಟೇಬಲ್ ಮೇಲಿಂದ ಬಿದ್ನಂತಲ್ಲ, ಅಷ್ಟು ಎತ್ತರದಿಂದ ಬಿದ್ರೂ ಜೀವ ಉಳೀತಲ್ಲ, ಯಾಕೆ ಹೇಳ್ರಿ? ಹೊರಡೋ ದಿನ ಬೆಳಿಗ್ಗೆ ನಾನೇ ಇಬೂತಿ ಹಚ್ಚಿ ಕಳಿಸಿದ್ದೆ. ಬಸಣ್ಣ ಅಂದ್ಮೇಲೆ ಬರೇ ಹಣೇಲಿ ಹೊರಗೆ ಕಳಿಸಾಕೆ ಆಗ್ತೈತೇನ್ರಿ? ಹಣೆ ಎಲ್ಲೈತೆ ಅಂದ್ರೆ ಇವಳಿಗೂ ಗೊತ್ತಿಲ್ಲ. ಕಣ್ಣು ಎಲ್ಲೈತೆ ತೋರ್ಸು ಅಂದೆ, ಹೊಟ್ಟೆ ಕೆಳಗೆ ತೋರಿಸಿದ್ಲು. ಕಣ್ಣಿದ್ದಲ್ಲೇ ಹಣೆ ಇರಬೇಕಲ್ರಿ. ತಿರುವಿ ಹಾಕ್ಕೊಂಡು, ಇಬೂತೀನ ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆದೆ ನೋಡ್ರಿ. ಕೆಲಸ ಮುಗಿಯೋತನಕ ಒರೆಸಬ್ಯಾಡ ಅಂತಾನೂ ಹೇಳಿ ಕಳಿಸಿದ್ದೆ. ಅದೇ ಕಾಪಾಡ್ತು."

ನನಗೆ ಮೊದಲು ನಗು ಬಂತು. ಆಮೇಲೆ ಹೊಳೆಯಿತು. ಕಣ್ಣಿನ ಗಾಜಿಗೆ ವಿಭೂತಿ ಮೆತ್ತಿದರೆ ಬಸಣ್ಣನಿಗೆ ಇಡೀ ಲೋಕವೇ ಬಿಳಿ. ಕಪ್ಪು ಗೆರೆ ಎಲ್ಲಿಂದ ಕಾಣಬೇಕು? ನನ್ನ ಸೆರಗಿಗೆ ಹತ್ತಿದ್ದು ಮಂಟಪದ ಸುಣ್ಣವಲ್ಲ. ಎರಡನೇ ಸುತ್ತಿನಲ್ಲಿ ಬಸಣ್ಣ ಓಡಿದ್ದು ನನ್ನ ಪ್ರೋಗ್ರಾಂನಿಂದಲ್ಲ, ನನ್ನ ಸೆರಗಿನಿಂದ. ಹುಡುಗಿ ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ತಲೆ ಎತ್ತಿದೆ. ಹುಡುಗಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಣ್ಣಲ್ಲೇ ಬೇಡುತ್ತಿದ್ದಳು, ಹೇಳಬೇಡಿ ಎಂದು. ಅವಳ ಅಜ್ಜಿ ಬಾಗಿಲ ಕಡೆ ಬೆನ್ನು ಹಾಕಿ ಕೂತು ನನ್ನ ಮುಖ ನೋಡುತ್ತಿದ್ದರು. "ಅಲ್ಲ ಮೇಡಮ್ಮೋರೆ, ಮತ್ತೆ ಅವನು ಬಿದ್ದಿದ್ದು ಯಾಕ್ರಿ?"

"ನನ್ನ ತಪ್ಪು ಅಜ್ಜಿ. ನಾನು ಸರಿಯಾಗಿ ನೋಡಲಿಲ್ಲ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಜನ್ಮದಲ್ಲಿ ನಾನು ಹೇಳದೆ ನುಂಗಿದ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವತ್ತಿನದು ಅದರಲ್ಲಿ ಒಂದು. ಚಹಾ ಕುಡಿಯುವಾಗ ಅಜ್ಜಿಯ ಮುಖ ನೋಡಲೂ ನನಗೆ ನಾಚಿಕೆಯಾಗುತ್ತಿತ್ತು.

ಹುಡುಗಿ ಬಸ್ಸಿನವರೆಗೆ ಬಂದಳು. "ಅಲ್ಲೇ ಯಾಕೆ ಹೇಳಲಿಲ್ಲ ನೀನು?" ಎಂದು ಕೇಳಿದೆ.

"ಅಜ್ಜಿ ಕಣ್ಣಿನ ಪಕ್ಕಕ್ಕೆ ಹಚ್ಚಿದ್ಲು ಅಂದ್ಕೊಂಡಿದ್ದೆ ಮೇಡಂ. ಗಾಜಿಗೂ ಮೆತ್ತೈತೆ ಅಂತ ಬಿದ್ದ ಮೇಲೇನೇ ಗೊತ್ತಾಗಿದ್ದು. ಹೇಳಾಕೆ ಬಾಯಿ ತೆರೆದೆ. ನೀವು ಬಾಯಿ ಇಲ್ಲೇನು ಅಂದ್ರಿ." ಬಸ್ಸು ಬರುವ ದಾರಿ ನೋಡುತ್ತ ಹೇಳಿದಳು, "ಹೇಳಿದ್ರೆ ಅಷ್ಟೂ ಜನದ ಮುಂದೆ ನಮ್ಮಜ್ಜಿಗೆ ಬೈತಿದ್ರಿ."

ಬೈಯುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ತಪ್ಪಾಯಿತು, ನಾಳೆಯಿಂದ ಬಾ ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ ಮೇಡಂ. ಟೈಮ್ ನೋಡಾಕೆ ಯಾರಾದ್ರೂ ಆಗ್ತಾರೆ." ಅಷ್ಟರಲ್ಲಿ ಬಸ್ಸು ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ನಮ್ಮಮ್ಮ ನನ್ನನ್ನು ಗದರುತ್ತಿದ್ದುದು ಚನ್ನಗಿರಿಯವರೆಗೂ ಕಿವಿಯಲ್ಲಿ ಕೇಳುತ್ತಿತ್ತು. ಊರು ಮುಟ್ಟಿದ ಮೇಲೆ ನೋಡಿದರೆ ಚಾರ್ಜರ್ ತಂದೇ ಇಲ್ಲ.

ಅದೇ ಒಳ್ಳೆಯದಾಯಿತು. ಮರುದಿನ ಶಾಲೆ ಬಿಟ್ಟ ಮೇಲೆ ಅವಳೇ ಚಾರ್ಜರ್ ಹಿಡಿದು ಪ್ರಯೋಗಶಾಲೆಯ ಬಾಗಿಲಿಗೆ ಬಂದಳು. ಕೊಟ್ಟು ಓಡುವ ಅವಸರದಲ್ಲಿದ್ದಳು. ಉಳಿದ ಮೂವರೂ ಅಲ್ಲೇ ಇದ್ದರು. ಬೈದದ್ದು ಎಲ್ಲರೆದುರಿಗೆ, ಹಾಗಾದರೆ ಇದೂ ಎಲ್ಲರೆದುರಿಗೇ ಆಗಬೇಕು ಎಂದುಕೊಂಡು ಪುಸ್ತಕ ತೆಗೆದೆ. ಹೊನ್ನಾಳಿಯ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆಯುತ್ತ ದೊಡ್ಡದಾಗಿ ಓದಿದೆ: 'ಪ್ರೋಗ್ರಾಂ ಸರಿಯಿತ್ತು. ಕಣ್ಣಿಗೆ ಬಿಳಿ ಪುಡಿ ಮೆತ್ತಿತ್ತು. ಮೇಡಂ ಅದನ್ನು ನೋಡದೆ ಬೈದರು. ತಪ್ಪು ಮೇಡಂದು.' ಬಿಳಿ ಪುಡಿ ಎಲ್ಲಿಯದು ಎಂದು ಬರೆಯಲಿಲ್ಲ, ಇವತ್ತಿಗೂ ಯಾರೂ ಕೇಳಿಲ್ಲ.

ಬಸಣ್ಣನಿಗೆ ಚಾರ್ಜ್ ಹಾಕಿ, ನಾನು ಬದಿಗಿಟ್ಟಿದ್ದ ಅವಳ ಹಳೆಯ ಪ್ರೋಗ್ರಾಂ ಹಾಕಿ, ವರಾಂಡದಲ್ಲಿ ಬಿಟ್ಟೆವು. ಒಂದು ಸುತ್ತು, ಎರಡು, ಮೂರು. ಎಲ್ಲಿಯೂ ವಾಲಲಿಲ್ಲ. "ಅಯ್ಯೋ ಶಿವನೇ, ಮೇಡಂದಕ್ಕಿಂತ ಇದೇ ಚೆಂದಾಗಿ ಓಡ್ತೈತಲ್ಲ!" ಎಂದುಬಿಟ್ಟ ಮಾತಿನ ಮಲ್ಲ, ಆಮೇಲೆ ನಾಲಗೆ ಕಚ್ಚಿಕೊಂಡ. ನಾನೇ ಮೊದಲು ನಕ್ಕೆ. ಹುಡುಗಿ ನಗಲಿಲ್ಲ, ಆದರೆ ನಾಲ್ಕೂವರೆ ಬಸ್ಸನ್ನು ಬಿಟ್ಟಳು. ಐದೂವರೆಯ ಬಸ್ಸಿಗೆ ಹೋದಳು.

ಸೋಮವಾರ ಬಂದವಳೇ ಬಸಣ್ಣನ ಬೆನ್ನಿನ ಮೇಲೆ ಅಂಗೈ ಅಗಲದ ಒಂದು ಪಟ್ಟಿ ಕೂರಿಸಿದಳು. ಅದು ಎಳೆಯುವುದಿಲ್ಲ, ತಳ್ಳುವುದಿಲ್ಲ. ಇದು ಯಾತಕ್ಕೆ ಎಂದು ಕೇಳಿದೆ. ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದಳು, "ಹಣೆ ಮೇಡಂ. ಅಜ್ಜಿಗೆ ಜಾಗ ಬೇಕಲ್ಲ." ಅಷ್ಟು ವರ್ಷ ಪಾಠ ಮಾಡಿದ ನನಗೆ ಇಂಥ ಪರಿಹಾರ ಹೊಳೆಯುತ್ತಿರಲಿಲ್ಲ. ನಾನಾಗಿದ್ದರೆ ಅಜ್ಜಿಗೆ ಬೆಳಕಿನ ಪ್ರತಿಫಲನದ ಪಾಠ ಮಾಡಿ ಅವರ ಮನಸ್ಸು ಮುರಿದು ಬರುತ್ತಿದ್ದೆ.

ಜಗಳೂರಿಗೆ ಹೋಗುವ ದಿನ ಬಸಣ್ಣನ ಹೊಸ ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಢಾಳಾಗಿ ಕಾಣುತ್ತಿತ್ತು. ಬಸ್ಸಿನಲ್ಲೇ ಹುಡುಗಿ ಅವನನ್ನು ತಿರುವಿ ಹತ್ತಿಯಿಂದ ಕಣ್ಣು ಒರೆಸಿದಳು. ಟೇಬಲ್ ಹತ್ತಿರ ನಿಲ್ಲುವವಳು ಅವಳೇ ಎಂದು ನಾನು ಮೊದಲೇ ಹೇಳಿದ್ದೆ. ಅವಳು ಹೂಂ ಎಂದಿದ್ದಳು, ಅಷ್ಟೇ. ಮೇಡಂ ಇವತ್ತು ಮತ್ತೆ ಯಾವಾಗ ಸಿಡಿಯುತ್ತಾರೋ ಎಂಬ ಅಳುಕು ನಾಲ್ವರ ಮುಖದಲ್ಲೂ ಇತ್ತು. ನಿಜ ಹೇಳಬೇಕೆಂದರೆ ನನಗೂ ಇತ್ತು.

ಅಲ್ಲಿ ಪಂದ್ಯ ಇದ್ದದ್ದು ತಗಡಿನ ಮಾಡಿನ ಒಂದು ಹಾಲ್‌ನಲ್ಲಿ. ತಗಡಿಗೆ ಅಲ್ಲಲ್ಲಿ ಮೊಳೆ ಕಿತ್ತ ತೂತು. ಜಗಳೂರಿನ ಬಿಸಿಲು ಆ ತೂತುಗಳಿಂದ ಇಳಿದು ಬಿಳಿ ಹಾಳೆಯ ಮೇಲೂ ಕಪ್ಪು ಗೆರೆಯ ಮೇಲೂ ರೊಟ್ಟಿಯಷ್ಟಗಲ ಬಿದ್ದಿತ್ತು. ಬಸಣ್ಣ ಮೊದಲ ತಿರುವು ಚೆಂದವಾಗಿ ದಾಟಿದ. ಎರಡನೇ ತಿರುವಿನ ಬಿಸಿಲು ತಾಕಿದ್ದೇ ಕಣ್ಣು ಕುಕ್ಕಿದವನ ಹಾಗೆ ನಿಂತು ಅಲ್ಲೇ ಗಿರಗಿರ ಸುತ್ತಿದ. ಹೊತ್ತು ಮುಗಿಯಿತು. ಒಂದು ತುಂಡೂ ಚೌಕ ಸೇರಲಿಲ್ಲ.

ನಾಲ್ವರೂ ಒಮ್ಮೆಗೇ ನನ್ನ ಮುಖ ನೋಡಿದರು. ಮೂಗಿನ ತುದಿ ಬಿಸಿಯಾದದ್ದು ನನಗೇ ಗೊತ್ತಾಯಿತು. "ಮೊದಲು ಊಟ ಮಾಡ್ರಿ" ಎಂದು ಹೇಳಿ ಹೊರಗೆ ಹೋಗಿ ಗಾಳಿಯಲ್ಲಿ ನಿಂತೆ. ನ್ಯಾಮತಿಯ ಮೇಷ್ಟ್ರು ಕೊಡೆ ಹಿಡಿದು ಬಂದರು. ಅವರ ಮಕ್ಕಳದೂ ಅದೇ ಗತಿಯಂತೆ. "ಟೇಬಲ್ ಮೇಲೆ ಹಿಡೀಬೋದಾ ಅಂತ ಕೇಳಿದೆ ಮೇಡಂ, ಆಗಲ್ಲ ಅಂದ್ರು" ಎಂದು ನಕ್ಕರು. ಈ ಸಲ ನಾನೂ ನಕ್ಕೆ.

ಒಳಗೆ ಬಂದಾಗ ಮಕ್ಕಳು ಅಡಿಕೆ ಹಾಳೆಯ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಬಸಣ್ಣ ಬೆಂಚಿನ ಮೇಲಿದ್ದ, ಲ್ಯಾಪ್‌ಟಾಪ್ ಪಕ್ಕದಲ್ಲಿತ್ತು. ಸಿಟ್ಟೇನೂ ಇರಲಿಲ್ಲ, ದೇವರಾಣೆ. ಬಿಸಿಲಿಗೆ ತಕ್ಕಂತೆ ಒಂದೆರಡು ಅಂಕಿ ಬದಲಿಸಿದರೆ ಆದೀತು ಎಂದು ಹೊಳೆಯಿತು, ಕೂತೆ, ಒಂದು ಕೈಯಲ್ಲಿ ಬಸಣ್ಣನನ್ನು ಎತ್ತಿಕೊಂಡೆ.

"ಮೇಡಂ, ಕೈ ತೆಗೀರಿ."

ಹಾಲ್ ಇಡೀ ಕೇಳಿಸುವಂಥ ದನಿಯಲ್ಲ. ಆದರೆ ನಮ್ಮ ಬೆಂಚಿನ ಸುತ್ತ ಸೂಜಿ ಬಿದ್ದರೂ ಕೇಳುತ್ತಿತ್ತು. ಹುಡುಗಿ ಚಿತ್ರಾನ್ನದ ಕೈಯಲ್ಲೇ ಎದ್ದು ನಿಂತಿದ್ದಳು. ಮಾತಿನ ಮಲ್ಲ ಅಗಿಯುವುದನ್ನು ನಿಲ್ಲಿಸಿದ್ದ. ಇಷ್ಟು ವರ್ಷದಲ್ಲಿ ಒಂದು ಮಗುವೂ ನನಗೆ ಹಾಗೆ ಹೇಳಿದ್ದಿಲ್ಲ. "ಅಂಕಿ ಬದಲಿಸಿದ್ರೆ ನೆರಳಲ್ಲಿ ದಾರಿ ತಪ್ತಾನೆ. ಕಣ್ಣಿಗೆ ಮರೆ ಮಾಡಬೇಕು. ನಾ ಮಾಡ್ತೀನಿ" ಎಂದಳು. ನನ್ನ ಮುಖ ನೋಡಿಯೇ ಹೇಳಿದಳು.

ನಾನು ಬಸಣ್ಣನನ್ನು ಕೆಳಗಿಟ್ಟೆ. ಎದ್ದು ನಿಂತು ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಅಷ್ಟು ಸಂತೋಷ ನನಗೆ ಯಾವ ಫಲಿತಾಂಶದ ದಿನವೂ ಆಗಿಲ್ಲ.

ಅವಳು ಒಂದು ಒಣ ತಟ್ಟೆ ತೆಗೆದುಕೊಂಡು ಅಂಚನ್ನು ಕತ್ತರಿಸಿ, ಬಸಣ್ಣನ ಕಣ್ಣಿನ ಸುತ್ತ ಗೆಜ್ಜೆಯ ಹಾಗೆ ಸುತ್ತಿ, ದಾರದಿಂದ ಕಟ್ಟಿದಳು. ಮಾತಿನ ಮಲ್ಲ ಗಂಟು ಬಿಗಿದ. ಮಧ್ಯಾಹ್ನದ ಸುತ್ತಿನಲ್ಲಿ ಬಸಣ್ಣ ಬಿಸಿಲಿನ ಮೇಲೂ ನೆರಳಿನ ಮೇಲೂ ಒಂದೇ ಸಮ ನಡೆದ, ನಾಲ್ಕು ತುಂಡಿನಲ್ಲಿ ಮೂರನ್ನು ತಂದು ಸೇರಿಸಿದ. ಹುಡುಗಿ ಟೇಬಲ್ ಹತ್ತಿರ ಒಂದೇ ಒಂದು ಸಲ ಕುಣಿದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದಳು. ನಾನು ಬೇಕೆಂದೇ ತಗಡಿನ ಕಡೆ ಮುಖ ಮಾಡಿದೆ.

ದಾವಣಗೆರೆಯಲ್ಲಿ ನಾವು ಗೆಲ್ಲಲಿಲ್ಲ. ಆ ದಿನದ ನೆನಪು ನನಗೆ ಅಷ್ಟಾಗಿ ಉಳಿದಿಲ್ಲ. ಉಳಿದಿರುವುದು ಜಗಳೂರಿನಿಂದ ಬರುವ ಬಸ್ಸು. ಹುಡುಗಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬಸ್ಸಿನ ಕುಲುಕಾಟದಲ್ಲೇ ಬರೆಯುತ್ತಿದ್ದಳು. ಇಳಿಯುವಾಗ ಅದನ್ನು ನನ್ನ ಕೈಗೆ ಕೊಟ್ಟಳು. ಸೊಟ್ಟ ಸೊಟ್ಟ ಅಕ್ಷರದಲ್ಲಿ ಮೂರು ಸಾಲು ಇತ್ತು: 'ಜಗಳೂರು. ಬಿಸಿಲಿಗೆ ಕಣ್ಣು ಕಾಣಲಿಲ್ಲ. ಹಾಳೆ ತಟ್ಟೆಯಿಂದ ಮರೆ ಮಾಡಿದೆವು. ಮೇಡಂ ಕೈ ತೆಗೆದರು.'